ಮೇಷ್ಟ್ರ ಹೆಸರು ಕೇಳಿದ ಕಂಪ್ಯೂಟರ್

ಜೂನ್ ತಿಂಗಳ ಎರಡನೇ ವಾರ ಮೇಷ್ಟ್ರು ಕುದುರೆಗಳನ್ನು ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೊರಟರು. ಹೋಗುವಾಗ ಮನೆಯವರಿಗೆ ಎರಡೇ ಮಾತು ಹೇಳಿದರು. ಹಸುವಿನ ಕೆಚ್ಚಲು ಬಾತಿದೆ, ಬಿಸಿನೀರಿನ ಶಾಖ ಕೊಡಿ. ಕಂಪ್ಯೂಟರಿನಲ್ಲಿ ನಮ್ಮ ವಂಶಾವಳಿ ಇದೆ, ಅಳಿಸೀರಿ ಜೋಕೆ. ಮೊದಲನೆಯದು ಹೆಂಡತಿ ಸಾಲ್ಕಿನ್‌ಗೆ, ಎರಡನೆಯದು ಸೊಸೆ ಬುರುಲ್‌ಗೆ.

ನಲವತ್ತು ವರ್ಷ ಭೂಗೋಳ ಕಲಿಸಿದ ಅವರನ್ನು ನಾರಿನ್ ಊರೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಮಕ್ಕಳಿಗೆ ಅಪ್ಪ, ಬುರುಲ್‌ಗೆ ಮಾವ, ಸಾಲ್ಕಿನ್‌ಗೆ ‘ಸಮತ್‌ನ ಅಪ್ಪ’. ಮನೆಗೆ ಬಂದ ಹೆಣ್ಣು ಗಂಡನ ಹೆಸರನ್ನೂ ಅವನ ಕಡೆಯ ಹಿರಿಯರ ಹೆಸರನ್ನೂ ಹೇಳುವುದಿಲ್ಲವಲ್ಲ. ಬುರುಲ್ ಏಳು ವರ್ಷದಿಂದ ಹೇಳಿರಲಿಲ್ಲ, ಸಾಲ್ಕಿನ್ ಮೂವತ್ತೆಂಟು ವರ್ಷದಿಂದ ಹೇಳಿರಲಿಲ್ಲ. ಪಿಂಚಣಿ ತರುವ ಅಂಚೆಯವನು ಯಜಮಾನರ ಹೆಸರು ಕೇಳಿದರೆ ಸಾಲ್ಕಿನ್ ಆರು ವರ್ಷದ ಮೊಮ್ಮಗಳು ಮೀರಿಮ್‌ಳನ್ನು ಮುಂದೆ ತಳ್ಳುವರು. ಮೀರಿಮ್ ಕಾಗದದಲ್ಲಿದ್ದ ಹೆಸರನ್ನು ಗಿಣಿಯಂತೆ ಒಪ್ಪಿಸುವಳು.

ಆ ವಸಂತದಲ್ಲಿ ಕಿರಿಯ ಮಗ ಟಿಲೆಕ್ ರಾಜಧಾನಿಯ ಕಾಲೇಜಿನಿಂದ ರಜೆಗೆ ಬಂದಿದ್ದ. ಮನೆಯ ಕಂಪ್ಯೂಟರಿಗೆ ವೈರಸ್ ಹತ್ತಿ ಅದು ಉಸಿರು ಬಿಡಲೂ ತಿಣುಕುತ್ತಿತ್ತು. ಹಳೆಯದನ್ನೆಲ್ಲ ಕಿತ್ತುಹಾಕಿ ಲಿನಕ್ಸ್ ಕೂರಿಸಿದ. ಇದಕ್ಕೆ ರೋಗವೂ ಇಲ್ಲ, ದುಡ್ಡೂ ಕೊಡಬೇಕಿಲ್ಲ ಅಂತ ಎದೆ ತಟ್ಟಿಕೊಂಡ. ಕೊನೆಗೆ ಪಾಸ್‌ವರ್ಡ್ ಕೇಳಿದಾಗ ಮೇಷ್ಟ್ರು ಮಗನಿಗೆ ಆ ಕಡೆ ತಿರುಗು ಎಂದು ಹೇಳಿ, ಒಂದೇ ಬೆರಳಲ್ಲಿ ತಾವೇ ಒತ್ತಿದರು. ಆಮೇಲೆ ಅದರ ಸುದ್ದಿ ಯಾರೂ ಎತ್ತಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ.

ಬೇಕಾದದ್ದು ಬುರುಲ್‌ಗೆ. ಮದುವೆಗೆ ಮುಂಚಿನಿಂದ ಅವಳು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಮೀರಿಮ್ ಹುಟ್ಟಿದ ಮೇಲೆ ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಈಗ ಎರಡು ಬೀದಿ ಆಚೆಯ ಆರೋಗ್ಯ ಕೇಂದ್ರದ ನರ್ಸ್ ನಿವೃತ್ತಿಯಾಗುತ್ತಿದ್ದಳು. ಅಲ್ಲಿಯ ಡಾಕ್ಟರಮ್ಮ ಬುರುಲ್‌ಳನ್ನು ಕರೆಸಿ ವಿಷಯ ತಿಳಿಸಿದರು. ಇಂಟರ್ನೆಟ್ಟಿನಲ್ಲಿ ನವಜಾತ ಶಿಶುಗಳ ಬಗ್ಗೆ ಹನ್ನೆರಡು ವೀಡಿಯೊ ಪಾಠಗಳಿವೆ. ಅಷ್ಟೂ ನೋಡಿ ಜುಲೈ ಮೂವತ್ತೊಂದರೊಳಗೆ ಪರೀಕ್ಷೆ ಕೊಟ್ಟರೆ ಆ ಜಾಗ ನಿನ್ನದು. ಇಲ್ಲವಾದರೆ ಹಳೆಯ ಸರ್ಟಿಫಿಕೇಟಿನ ಅವಧಿಯೂ ಈ ವರ್ಷಕ್ಕೆ ಮುಗಿಯುತ್ತದೆ, ನರ್ಸ್ ಆಗಬೇಕೆಂದರೆ ಮೊದಲಿಂದ ಓದಬೇಕು. ಬುರುಲ್ ದಾರಿಯುದ್ದಕ್ಕೂ ಹೆಚ್ಚುಕಡಿಮೆ ಓಡಿಕೊಂಡೇ ಮನೆಗೆ ಬಂದಳು.

ಸಾಲ್ಕಿನ್ ಆಗ ಬೌರ್ಸಾಕ್ ಕರಿಯುತ್ತಿದ್ದರು. ಸೊಸೆ ಹೇಳಿದ್ದನ್ನೆಲ್ಲ ಕೇಳಿದರು, ಎಣ್ಣೆಯಲ್ಲಿ ಉಬ್ಬಿದ ತುಂಡುಗಳನ್ನು ಜಾಲರಿಯಲ್ಲಿ ಎತ್ತಿ ಬುಟ್ಟಿಗೆ ಹಾಕಿದರು.

“ಹಸು ಯಾರು ಕರೀತಾರೆ?” ಎಂದರು.

“ಬೆಳಿಗ್ಗೆ ಕರೆದೇ ಹೋಗ್ತೀನಿ ಅತ್ತೆ.”

“ಸಂಜೆ?”

“ಐದಕ್ಕೆಲ್ಲ ಬಂದ್ಬಿಡ್ತೀನಿ.”

“ಮಧ್ಯಾಹ್ನ ಯಾರಾದ್ರೂ ಬಂದ್ರೆ ಚಹ ಯಾರು ಬಗ್ಗಿಸೋದು? ನಾನು ಸೊಸೆ ಬಂದ್ಲು ಅಂತ ಮಂಡಿ ಚಾಚಿ ಕೂತ್ಕೊಂಡೆ. ಈಗ ಮತ್ತೆ ಮಡಿಚು ಅಂತೀಯ.”

ಬೇಡ ಅಂದಿಲ್ಲವಲ್ಲ, ಅಷ್ಟೇ ಸಾಕು ಅಂದುಕೊಂಡು ಬುರುಲ್ ಆ ಸಂಜೆ ಕಸೂತಿ ಹೊದಿಕೆ ಸರಿಸಿ ಕಂಪ್ಯೂಟರ್ ಹಚ್ಚಿದಳು. ಪಾಠದ ಪುಟ ಬಂತು. ಪಾಠ ಇರಬೇಕಾದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಚೌಕ. ಅದರ ಕೆಳಗೆ, ಪ್ಲಗಿನ್ ಇಲ್ಲ ಎಂದು ಒಂದು ಸಾಲು. ಹನ್ನೆರಡು ಪಾಠ ಒತ್ತಿದಳು, ಹನ್ನೆರಡೂ ಬೂದು ಚೌಕ.

ಟಿಲೆಕ್ ಆ ಬೇಸಿಗೆಯಲ್ಲಿ ದೊಡ್ಡ ಸರೋವರದ ದಡದ ಒಂದು ವಸತಿಗೃಹದಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದ. ಮಧ್ಯಾಹ್ನದ ಊಟದ ತಟ್ಟೆಗಳು ಮುಗಿದ ಮೇಲೆಯೇ ಫೋನ್ ಎತ್ತುವುದು. ಅತ್ತಿಗೆಯ ಗೋಳು ಕೇಳಿ, ಅದೇನು ಮಹಾ, ಐದು ನಿಮಿಷದ ಕೆಲಸ ಅಂದ. ಬ್ರೌಸರಿಗೆ ಬರೀ ಓದುವುದು ಗೊತ್ತು, ಹಾಡು ಸಿನಿಮಾ ತೋರಿಸಲು ಅದಕ್ಕೊಂದು ಬಾಲ ಸೇರಿಸಬೇಕು ಎಂದು ವಿವರಿಸಿದ. ಕಪ್ಪು ಕಿಟಕಿ ತೆರೆದು ಒಂದು ಸಾಲು ಒತ್ತಬೇಕು, ಅದು ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಮುಗಿಯಿತು. ಆ ಸಾಲನ್ನು ಮೆಸೇಜಿನಲ್ಲಿ ಕಳಿಸಿದ.

ಬುರುಲ್ ಅದನ್ನು ಮೂರು ಸಲ ನೋಡಿ ಒತ್ತಿದಳು. ಪಾಸ್‌ವರ್ಡ್ ಅಂತ ಬಂತು. ಮಾವ ಇಟ್ಟಿರಬಹುದಾದ ಪದ ಯಾವುದು, ಕುದುರೆಯ ಹೆಸರೋ ಏನೋ ಎಂದುಕೊಂಡು ಒತ್ತಿದರೆ ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಮತ್ತೆ ಒತ್ತಿದಳು, ಇಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ಬೋರಲು ಹಾಕಿ ತಟ್ಟಿದಳು. ನಾಲ್ಕು ವರ್ಷದ ಬೌರ್ಸಾಕ್ ಪುಡಿ ನೆಲದ ಮೇಲೆ ಬಿತ್ತು. ಸಾಲ್ಕಿನ್ ಪೊರಕೆ ತಂದು ಸೊಸೆಯ ಕಾಲ ಬಳಿ ಇಟ್ಟು, ಓದು ಚೆನ್ನಾಗಿ ನಡೀತಿದೆ ಅಂದರು.

ಮಾರನೇ ದಿನ ಟಿಲೆಕ್ ಫೋನಿನಲ್ಲಿ ನಕ್ಕ. “ಕೆಟ್ಟಿಲ್ಲ ಅತ್ತಿಗೆ. ಅದು ತೋರ್ಸೋದೇ ಇಲ್ಲ. ಹಿಂದೆ ನಿಂತಿರೋರು ಕದ್ದು ನೋಡಬಾರ್ದು ಅಂತ. ನೀನು ಕಣ್ಮುಚ್ಚಿ ಒತ್ತು, ಅದಕ್ಕೆ ಗೊತ್ತಾಗುತ್ತೆ.”

“ಏನು ಒತ್ತೋದು?”

“ಅಪ್ಪ ಏನೋ ಅಂದಿದ್ರು. ‘ನಮ್ಮಮ್ಮ ಇಟ್ಟ ಹೆಸರು ಹಾಕಿದೀನಿ, ಇದನ್ನ ಮರೆಯಲ್ಲ’ ಅಂತ. ಅಂದ್ರೆ ನಮ್ಮಜ್ಜಿ ಇಟ್ಟಿದ್ದು. ಅವರ ಹೆಸರೇ ಇರ್ಬೇಕು. ಕೀಗಳ ಮೇಲೆ ಎರಡೆರಡು ಅಕ್ಷರ ಇದೆ ನೋಡು, ನಮ್ಮ ಅಕ್ಷರ ನೋಡ್ಕೊಂಡು ಒತ್ತು. ಅವರೂ ಹಾಗೇ ಒತ್ತಿದ್ದು.”

ಬುರುಲ್ ಫೋನ್ ಇಟ್ಟಳು. ಬಾಯಲ್ಲಿ ತರದ ಹೆಸರನ್ನು ಬೆರಳಲ್ಲಿ ತರಬಹುದೇ ಎಂದು ಯಾರನ್ನು ಕೇಳುವುದು? ಅತ್ತೆ ಕೊಟ್ಟಿಗೆಗೆ ಹೋಗುವುದನ್ನೇ ಕಾದು, ಮನಸ್ಸಿನಲ್ಲೇ ತಪ್ಪಾಯಿತೆಂದು ಕೇಳಿಕೊಂಡು, ಕಾಗದದಲ್ಲಿದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಒತ್ತಿದಳು. ತಪ್ಪು ಎಂದು ಬಂತು. ವಂಶಾವಳಿ ತೆರೆದು ನೋಡಿದಳು. ಏಳು ತಲೆಮಾರಿನ ಗಂಡಸರ ಹೆಸರುಗಳ ಕೊನೆಯಲ್ಲಿ ಮಾವ ತಮ್ಮದೂ ಬರೆದಿದ್ದರು, ಅದೇ ಕಾಗದದ ಹೆಸರು. ಅದಕ್ಕೆ ಹುಟ್ಟಿದ ವರ್ಷ ಸೇರಿಸಿದಳು, ಊರಿನ ಹೆಸರು ಸೇರಿಸಿದಳು. ಎಲ್ಲವೂ ತಪ್ಪು. ಬೇರೆ ದಾರಿ ಇದೆಯೇ ಎಂದರೆ ಟಿಲೆಕ್, ಇದೆ, ಆದರೆ ಫೋನಿನಲ್ಲಿ ಹೇಳಿ ಮಾಡಿಸಲು ಭಯ, ವಂಶಾವಳಿಗೆ ಏನಾದರೂ ಆದರೆ ಅಪ್ಪ ನನ್ನನ್ನೇ ವಂಶದಿಂದ ಅಳಿಸುತ್ತಾರೆ ಅಂದ.

ಜೂನ್ ಹೀಗೇ ಕಳೆಯಿತು. ಜುಲೈ ಮೊದಲ ವಾರ ಬುರುಲ್‌ಳ ಗಂಡ ಸಮತ್ ಬಂದ. ಅವನು ಚೀನಾ ಗಡಿಯವರೆಗೆ ಲಾರಿ ಓಡಿಸುವವನು, ಎರಡು ವಾರಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುವುದು. ಊಟಕ್ಕೆ ಶಾವಿಗೆಯಂಥ ಲಗ್ಮಾನ್ ಮಾಡಿದ್ದರು. ಬುರುಲ್ ಎಳೆದ ಹಿಟ್ಟಿನ ಎಳೆಗಳು ದಪ್ಪ ತೆಳ್ಳಗೆ ಬಂದಿದ್ದವು. ಸಾಲ್ಕಿನ್ ಒಂದು ದಪ್ಪ ಎಳೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು.

“ಇದು ಲಾರಿ ಕಟ್ಟೋಕೆ ಆಗುತ್ತೆ ನೋಡೋ.”

ಸಮತ್ ನಕ್ಕುಬಿಟ್ಟು, ಹೆಂಡತಿಯ ಮುಖ ನೋಡಿ ನಗು ನುಂಗಿದ. ಪೇಟೆಯ ಇಂಟರ್ನೆಟ್ ಅಂಗಡಿಗೆ ಹೋಗಿ ನೋಡಲಿ, ಹನ್ನೆರಡು ಪಾಠ ತಾನೇ ಅಂದ.

“ಆ ಹೊಗೆ ಗೂಡಿಗಾ?” ಎಂದರು ಸಾಲ್ಕಿನ್. “ಪಡ್ಡೆ ಹುಡುಗ್ರು ಬಂದೂಕು ಆಟ ಆಡ್ತಾ ಬಾಯಿಗೆ ಬಂದದ್ದು ಒದರ್ತಾರೆ. ಅವರ ಮಧ್ಯೆ ಮೇಷ್ಟ್ರ ಸೊಸೆ ಕೂತು ಹೆರಿಗೆ ನೋಡ್ಬೇಕಾ?”

ಅದೂ ನಿಜವೇ. ಬುರುಲ್ ಒಮ್ಮೆ ಹೋಗಿ ಬಾಗಿಲಿಂದಲೇ ವಾಪಸಾಗಿದ್ದಳು. ಊಟವಾದ ಮೇಲೆ ಸಮತ್ ತೋಳು ಮಡಿಸಿಕೊಂಡು ಕಂಪ್ಯೂಟರ್ ಮುಂದೆ ಕೂತ. ಅಪ್ಪನ ಹೆಸರನ್ನು ಹಿಂದುಮುಂದಾಗಿ, ಅಜ್ಜನ ಹೆಸರಿನೊಂದಿಗೆ, ಹರೆಯದಲ್ಲಿ ಸೈನ್ಯದಲ್ಲಿದ್ದಾಗಿನ ನಂಬರಿನೊಂದಿಗೆ ಒತ್ತಿದ. ಅಜ್ಜಿ ಇಟ್ಟ ಹೆಸರು ಬೇರೆ ಇತ್ತಾ ಎಂದು ತಾಯಿಯನ್ನು ಕೇಳಿದ. ಸಾಲ್ಕಿನ್ ಬಟ್ಟಲು ಒರೆಸುತ್ತ, ಹಳೇ ಕಾಲದ್ದು ನನ್ನೇನು ಕೇಳ್ತೀಯ ಅಂದುಬಿಟ್ಟರು.

ಬೆಟ್ಟದ ಮೇಲೆ ಫೋನ್ ಸಿಗದು. ಸಮತ್ ಹೊರಡುವಾಗ ಹುಲ್ಲುಗಾವಲಿನ ಕಡೆ ಹೋಗುವ ಒಬ್ಬ ಪರಿಚಯದವನ ಕೈಯಲ್ಲಿ ಬುರುಲ್ ಬರೆದ ಚೀಟಿ ಕೊಟ್ಟ. ಮಾವ, ಕಂಪ್ಯೂಟರ್ ನಿಮ್ಮ ಪದ ಕೇಳುತ್ತಿದೆ, ಅದಿಲ್ಲದೆ ನನ್ನ ಪಾಠ ನಡೆಯುವುದಿಲ್ಲ, ದಯವಿಟ್ಟು ಬರೆದು ಕಳಿಸಿ. ಎರಡು ವಾರ ಉತ್ತರವಿಲ್ಲ. ಬುರುಲ್ ಹಸು ಕರೆದಳು, ರೊಟ್ಟಿ ಸುಟ್ಟಳು, ಏಪ್ರಿಕಾಟ್ ಜಾಮ್ ಕಾಯಿಸಿ ಇಪ್ಪತ್ತು ಸೀಸೆ ತುಂಬಿದಳು. ಹೊತ್ತು ಸಿಕ್ಕಾಗ ಹೊದಿಕೆ ಸರಿಸಿ ಬೂದು ಚೌಕ ನೋಡುವಳು, ಮತ್ತೆ ಮುಚ್ಚುವಳು. ಡಾಕ್ಟರಮ್ಮ ಸಂತೆಯಲ್ಲಿ ಸಿಕ್ಕು, ಅದೇ ಜಾಗ ಕೇಳಿದ ಬೇರೊಬ್ಬಳು ಏಳು ಪಾಠ ಮುಗಿಸಿದ್ದಾಳಂತೆ ಅಂದಾಗ ಬುರುಲ್‌ಗೆ ಅಳು ಬಂತು.

ಜುಲೈ ಇಪ್ಪತ್ತೆರಡಕ್ಕೆ ಉತ್ತರ ಬಂತು. ಒಂದು ಚೀಲ ಒಣಮೊಸರಿನ ಉಂಡೆ, ಅದರೊಳಗೆ ಸಿಗರೇಟು ಪೊಟ್ಟಣದ ರಟ್ಟು, ರಟ್ಟಿನ ಮೇಲೆ ಮೇಷ್ಟ್ರ ದುಂಡು ಅಕ್ಷರ: ‘ಅದು ನಿಮ್ಮತ್ತೆಗೆ ಗೊತ್ತು.’

ಬುರುಲ್ ಎರಡು ಸಲ ಓದಿದಳು. ಚೀಲ ಅಲ್ಲೇ ಇಟ್ಟು ಅಂಗಳಕ್ಕೆ ಬಂದಳು. ಸಾಲ್ಕಿನ್ ಚಹದ ನೀರು ಕಾಯಿಸುವ ಸಮೋವಾರ್‌ಗೆ ಸೌದೆ ಚಕ್ಕೆ ತುಂಬುತ್ತಿದ್ದರು. ರಟ್ಟನ್ನು ಅವರ ಮುಂದೆ ಹಿಡಿದಳು. ಅವರು ಓದಿ, ಚಕ್ಕೆ ತುಂಬುವುದನ್ನು ಮುಂದುವರಿಸಿದರು.

“ನಿಮಗೆ ಗೊತ್ತಿತ್ತು,” ಎಂದಳು ಬುರುಲ್.

“ಗೊತ್ತಿದ್ರೆ? ಹೇಳೋಕಾಗುತ್ತಾ?”

“ಒಂದು ತಿಂಗಳಾಯ್ತು ಅತ್ತೆ. ನಾನು ಹುಚ್ಚಿ ಥರ ಒತ್ತೋದನ್ನ ನೋಡ್ತಾನೇ ಇದ್ರಲ್ಲ. ಸೊಸೆ ಮನೇಲೇ ಇರ್ಲಿ ಅಂತ ತಾನೇ?”

ಇಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಮೀರಿಮ್ ಜಾಮಿನ ಚಮಚ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು ನಿಂತಳು. ಸಾಲ್ಕಿನ್ ಕೈಯಲ್ಲಿದ್ದ ಚಕ್ಕೆಯನ್ನು ಕೆಳಗಿಟ್ಟರು.

“ಅದೂ ಇತ್ತು,” ಎಂದರು. “ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬರೀ ಅದೇ ಅಲ್ಲ.”

ಹೇಳಲೋ ಬೇಡವೋ ಎಂಬಂತೆ ಕೈಯ ಮಸಿ ನೋಡಿಕೊಂಡರು. ಆಮೇಲೆ ಹೇಳಿದರು. ಮೇಷ್ಟ್ರಿಗಿಂತ ಮುಂಚೆ ಅವರ ತಾಯಿಗೆ ನಾಲ್ಕು ಮಕ್ಕಳು. ನಾಲ್ಕೂ ಹುಟ್ಟಿದ ವಾರದೊಳಗೆ ಹೋದವು, ಎರಡಂತೂ ಅಳಲೂ ಇಲ್ಲ. ಐದನೆಯದು ಹುಟ್ಟಿದಾಗ ತಾಯಿ ಅದಕ್ಕೊಂದು ಹೊಲಸು ಹೆಸರಿಟ್ಟರು, ಸಾವು ಕೂಡ ಮೂಗು ಮುಚ್ಚಿಕೊಂಡು ಆಚೆ ಹೋಗಲಿ ಅಂತ. ಮಗು ಉಳಿಯಿತು. ಹೆಸರೂ ಉಳಿಯಿತು. ಶಾಲೆಯಲ್ಲಿ ಹುಡುಗರು ಅದನ್ನು ಕೂಗಿಕೊಂಡು ಬೀದಿಯುದ್ದ ಅಟ್ಟಿಸಿಕೊಂಡು ಬರುತ್ತಿದ್ದರಂತೆ. ಸೈನ್ಯಕ್ಕೆ ಸೇರುವಾಗ ಮೇಷ್ಟ್ರು ಕಾಗದದಲ್ಲಿ ಬೇರೆ ಹೆಸರು ಬರೆಸಿಕೊಂಡರು. ಹಳೆಯದು ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮಣ್ಣಾದರು.

“ಮಕ್ಕಳಿಗೂ ಹೇಳಿಲ್ಲ ಅವರು,” ಎಂದರು ಸಾಲ್ಕಿನ್. “ಮದುವೆಯಾದ ವರ್ಷ ನನಗೊಬ್ಬಳಿಗೆ ಹೇಳಿದ್ರು. ಯಾಕೆ ಗೊತ್ತಾ? ನನ್ನ ಬಾಯಿಂದ ಅದು ಯಾವತ್ತೂ ಹೊರಗೆ ಬರಲ್ಲ ಅಂತ.”

ಬುರುಲ್‌ಳ ಸಿಟ್ಟು ಅರ್ಧಕ್ಕೇ ನಿಂತಿತು. ಅವಳು ರಟ್ಟನ್ನು ಮಡಿಸಿ ಲಂಗದ ಜೇಬಿಗೆ ಹಾಕಿಕೊಂಡಳು.

“ಆಯ್ತು ಬಿಡಿ ಅತ್ತೆ,” ಎಂದಳು.

ಸಾಲ್ಕಿನ್ ಬಿಡಲಿಲ್ಲ. “ಆ ಪಾಠದಲ್ಲಿ ಏನು ಹೇಳ್ಕೊಡ್ತಾರೆ?” ಎಂದು ಕೇಳಿದರು. ಒಂದೂವರೆ ತಿಂಗಳಲ್ಲಿ ಅವರು ಇದನ್ನು ಕೇಳಿದ್ದು ಇದೇ ಮೊದಲು.

“ಹುಟ್ಟಿದ ತಕ್ಷಣ ಅಳದ ಮಗೂನ ಹೇಗೆ ಉಳಿಸ್ಕೊಳ್ಳೋದು ಅಂತ. ಒರೆಸಿ, ಬೆಚ್ಚಗೆ ಸುತ್ತಿ, ಉಸಿರು ಕೊಡೋದು. ಮೊದಲನೇ ಪಾಠದಿಂದಾನೇ ಅದು ಶುರು.”

ಸಮೋವಾರ್‌ಗೆ ಬೆಂಕಿ ಹಚ್ಚದೆಯೇ ಸಾಲ್ಕಿನ್ ಎದ್ದರು. ತೊಟ್ಟಿಯ ಬಳಿ ಹೋಗಿ ಮೊಣಕೈವರೆಗೆ ಕೈ ತೊಳೆದರು, ಉಗುರಿನ ಸಂದಿಯ ಮಸಿಯನ್ನೂ ತೆಗೆದರು, ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಒಳಗೆ ಬಂದು ಕಂಪ್ಯೂಟರ್ ಮುಂದಿನ ಕುರ್ಚಿಯಲ್ಲಿ ತುದಿಗೆ ಕೂತರು. ಆ ಕುರ್ಚಿಯಲ್ಲಿ ಅವರು ಈವರೆಗೆ ಕೂತಿರಲಿಲ್ಲ.

“ಅವತ್ತು ಟಿಲೆಕ್ ಅಂದನಲ್ಲ, ಒತ್ತಿದ್ದು ಕಾಣಲ್ಲ ಅಂತ. ನಿಜಾನಾ?”

“ನಿಜ ಅತ್ತೆ. ಒಂದಕ್ಷರಾನೂ ಕಾಣಲ್ಲ.”

“ಒಳಗೆಲ್ಲಾದ್ರೂ ಬರ್ಕೊಂಡು ಆಮೇಲೆ ಯಾರಿಗಾದ್ರೂ ತೋರ್ಸುತ್ತಾ?”

“ಇಲ್ಲ. ಸರೀನಾ ತಪ್ಪಾ ಅಂತ ಅಷ್ಟೇ ಹೇಳುತ್ತೆ.”

“ಮಾತೂ ಆಡಲ್ಲ ತಾನೇ?”

“ಆಡಲ್ಲ.”

ಸಾಲ್ಕಿನ್ ತಲೆಯಾಡಿಸಿದರು. ಬಾಯಿ ತೆರೆಯುವಂತಿಲ್ಲ, ಬರೆದದ್ದು ಕಾಣುವಂತಿಲ್ಲ, ಇದಕ್ಕಿಂತ ಮರ್ಯಾದಸ್ಥ ಯಂತ್ರ ಬೇರೆ ಇಲ್ಲ ಅನ್ನಿಸಿರಬೇಕು ಅವರಿಗೆ. ಬುರುಲ್ ಟಿಲೆಕ್‌ನ ಸಾಲನ್ನು ಒತ್ತಿ, ಪಾಸ್‌ವರ್ಡ್ ಎಂದು ಬಂದ ಕೂಡಲೇ ಪಕ್ಕಕ್ಕೆ ಸರಿದಳು.

“ಗೋಡೆ ಕಡೆ ತಿರುಗು,” ಎಂದರು ಸಾಲ್ಕಿನ್. “ಮೀರಿಮ್, ನೀನೂ.”

ತಾಯಿ ಮಗಳು ಗೋಡೆಗೆ ತೂಗುಹಾಕಿದ್ದ ಜಮಖಾನೆಗೆ ಮುಖ ಮಾಡಿ ನಿಂತರು. ಬೆನ್ನ ಹಿಂದೆ ಒಂದು ಕೀ ಸದ್ದಾಯಿತು. ತುಂಬ ಹೊತ್ತಾದ ಮೇಲೆ ಇನ್ನೊಂದು. ಬುರುಲ್ ಎಣಿಸಬಾರದೆಂದು ಜಮಖಾನೆಯ ಕೊಂಬಿನ ಚಿತ್ತಾರ ನೋಡುತ್ತ ನಿಂತಳು.

“ತಪ್ಪು ಅಂತಿದೆ,” ಎಂದರು ಸಾಲ್ಕಿನ್. ಅವರ ದನಿಯಲ್ಲಿ ಸಿಟ್ಟಿತ್ತು. “ನನ್ನ ಗಂಡನ ಹೆಸರು ನನಗೇ ತಪ್ಪು ಅಂತಿದೆ.”

“ಬೆರಳು ಎರಡು ಕೀ ಮೇಲೆ ಬಿತ್ತೇನೋ ಅತ್ತೆ. ಇನ್ನೊಂದ್ಸಲ ನಿಧಾನಕ್ಕೆ.”

ಈ ಸಲ ಇನ್ನೂ ನಿಧಾನ. ಕೊನೆಯ ಕೀ ಸ್ವಲ್ಪ ಜೋರಾಗಿ ಬಿತ್ತು. ಆಮೇಲೆ ಸಾಲ್ಕಿನ್, “ಅಯ್ಯೋ, ಇದೇನೋ ಓಡ್ತಾ ಇದೆ ಬಾರೇ,” ಅಂದರು.

ಬುರುಲ್ ತಿರುಗಿದಳು. ಕಪ್ಪು ಕಿಟಕಿಯಲ್ಲಿ ಬಿಳಿ ಸಾಲುಗಳು ಇರುವೆಗಳ ಹಾಗೆ ಓಡುತ್ತಿದ್ದವು. ಅವಳು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಫೋನ್ ತಂತಿಯ ಇಂಟರ್ನೆಟ್ಟು, ನಿಧಾನ. ಅಷ್ಟರಲ್ಲಿ ಸಮೋವಾರ್ ಹಚ್ಚಿ ಚಹ ಕಾಯಿಸಿದ್ದಾಯಿತು, ಮೂವರೂ ಕೆನೆ ಹಾಕಿಕೊಂಡು ಎರಡೆರಡು ಬಟ್ಟಲು ಕುಡಿದರು. ಸಾಲುಗಳು ನಿಂತ ಮೇಲೆ ಬುರುಲ್ ಬ್ರೌಸರ್ ಮುಚ್ಚಿ ತೆರೆದಳು. ಬೂದು ಚೌಕದ ಜಾಗದಲ್ಲಿ ಒಂದು ಸಣ್ಣ ಉಂಗುರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಬಿಳಿ ಕೋಟಿನ ಹೆಂಗಸೊಬ್ಬಳು ಕಾಣಿಸಿಕೊಂಡು ನಮಸ್ಕಾರ ಹೇಳಿದಳು. ಅವಳ ಮುಂದೆ ಟವೆಲ್ ಮೇಲೆ ಒಂದು ರಬ್ಬರ್ ಮಗು.

ಬುರುಲ್ ಅತ್ತೆಯ ಮಂಡಿಗೆ ತಲೆಯಿಟ್ಟು ಅತ್ತುಬಿಟ್ಟಳು. ಸಾಲ್ಕಿನ್ ಅವಳ ಬೆನ್ನು ತಟ್ಟುತ್ತ, ಅಳ್ತಾ ಕೂತ್ರೆ ಪಾಠ ಮುಂದೆ ಹೋಗುತ್ತೆ, ನೋಡು ಅಂದರು.

ಒಂಬತ್ತು ದಿನದಲ್ಲಿ ಹನ್ನೆರಡು ಪಾಠ. ಹಸುವನ್ನು ಸಾಲ್ಕಿನ್ ತಾವೇ ಕರೆದರು, ಮಂಡಿಯನ್ನು ಬೈದುಕೊಂಡೇ ಕರೆದರು. ಹಿಟ್ಟಿನ ಪಾತ್ರೆ ಎತ್ತಿಕೊಂಡು ಬಂದು ಬಾಗಿಲಲ್ಲಿ ಕೂತು ನಾದುತ್ತ ಪಾಠ ನೋಡಿದರು. ರಬ್ಬರ್ ಮಗುವನ್ನು ಒರೆಸುವ ರೀತಿ ಅವರಿಗೆ ಒಪ್ಪಿಗೆಯಾಗಲಿಲ್ಲ, ಇಷ್ಟು ಮೆತ್ತಗೆ ಒರೆಸಿದರೆ ಯಾವ ಮಗು ಅಳುತ್ತದೆ ಅಂದರು. ಉಸಿರು ಕೊಡುವ ಪಾಠದ ದಿನ ಮಾತ್ರ ನಾದುವುದನ್ನು ಬಿಟ್ಟು ನೋಡಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂದರು. ಬುರುಲ್ ಮತ್ತೆ ಹಾಕಿದಳು, ಇಬ್ಬರೂ ಕೊನೆಯವರೆಗೆ ನೋಡಿದರು.

ಮೂವತ್ತನೇ ತಾರೀಕು ಬುರುಲ್ ಪರೀಕ್ಷೆ ಕೊಟ್ಟಳು. ನಲವತ್ತು ಪ್ರಶ್ನೆಗೆ ಮೂವತ್ತೇಳು ಸರಿ. ಡಾಕ್ಟರಮ್ಮ ಸೆಪ್ಟೆಂಬರ್ ಒಂದಕ್ಕೆ ಬಾ ಎಂದು ಕಾಗದ ಕೊಟ್ಟರು. ಸಾಲ್ಕಿನ್ ಅದನ್ನು ಓದಿ ಬೀರುವಿನಲ್ಲಿಟ್ಟರು. ಸಂಜೆ ಹಾಲು ಮಾತ್ರ ನೀನೇ ಕರೀಬೇಕು, ಅಷ್ಟು ನೆನಪಿಟ್ಟುಕೋ ಅಂದರು. ಅದು ಒಪ್ಪಿಗೆಯೆಂದು ಬುರುಲ್‌ಗೆ ಗೊತ್ತಾಯಿತು.

ಆಗಸ್ಟ್ ಮಧ್ಯದಲ್ಲಿ ಮೇಷ್ಟ್ರು ಇಳಿದು ಬಂದರು, ಬಿಸಿಲಿಗೆ ಕಪ್ಪಾಗಿ, ಕುದುರೆಯ ವಾಸನೆ ಹೊತ್ತು. ಸಮತ್ ಕೂಡ ಆ ದಿನ ಮನೆಯಲ್ಲಿದ್ದ. ಊಟದ ಬಟ್ಟೆ ಹಾಸಿ ಎಲ್ಲರೂ ಕೂತಾಗ ಮೇಷ್ಟ್ರು ಸೊಸೆ ಕೊಟ್ಟ ಬಟ್ಟಲು ತೆಗೆದುಕೊಂಡು, ಪಾಠ ಆಯ್ತೇನಮ್ಮ ಎಂದು ಕೇಳಿದರು. ಆಯಿತೆಂದಳು. ಅವರು ಹೆಂಡತಿಯ ಕಡೆ ತಿರುಗಿದರು.

“ಹೇಳ್ಬಿಟ್ಟೆಯಾ?”

“ಯಾರಾದ್ರೂ ಕೇಳಿಸ್ಕೊಂಡಿದ್ರೆ ಕರ್ಕೊಂಡ್ಬನ್ನಿ,” ಎಂದರು ಸಾಲ್ಕಿನ್.

ಅಮ್ಮನೂ ತಾನೂ ಗೋಡೆ ನೋಡುತ್ತ ನಿಂತದ್ದನ್ನು ಮೀರಿಮ್ ಅಜ್ಜನಿಗೆ ವಿವರವಾಗಿ ಹೇಳಿದಳು. ಮೇಷ್ಟ್ರು ಬಟ್ಟಲು ಬದಿಗಿಟ್ಟು ಹೆಂಡತಿಯನ್ನು ನೋಡಿದರು.

“ಒಂದೇ ಸಲ ಹೇಳಿದ್ದು ನಿನಗೆ. ಮೂವತ್ತೆಂಟು ವರ್ಷದ ಹಿಂದೆ. ಇನ್ನೂ ನೆನಪಿತ್ತಾ?”

“ದಿನಾ ನುಂಗ್ಕೊಂಡಿದ್ದೀನಿ ರೀ,” ಎಂದರು ಸಾಲ್ಕಿನ್. “ಮರೆಯೋದು ಹೇಗೆ?”

ಸಮತ್ ರೊಟ್ಟಿ ಮುರಿದು ಎಲ್ಲರ ಮುಂದೆ ಇಟ್ಟ. ಮೇಷ್ಟ್ರು, ನಾಳೆ ಆ ಪದ ಬದಲಾಯಿಸುತ್ತೇನೆ, ಯಾರು ಬೇಕಾದರೂ ಒತ್ತುವಂಥ ಸುಲಭದ್ದು ಇಡುತ್ತೇನೆ ಅಂದರು.

“ಬೇಡ,” ಎಂದರು ಸಾಲ್ಕಿನ್. “ನಾನಿರೋವರೆಗೂ ಅದೇ ಇರ್ಲಿ.”

ಊಟ ಮುಗಿದು ಬುರುಲ್ ಬಟ್ಟಲು ತೊಳೆದು ಬರುವಷ್ಟರಲ್ಲಿ ಕಂಪ್ಯೂಟರ್ ಹೊಸದೇನೋ ಹಾಕಿಕೊಳ್ಳಬೇಕೆಂದು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಅವಳು ಅತ್ತೆಯನ್ನು ಕರೆದಳು. ಸಾಲ್ಕಿನ್ ಕೈ ತೊಳೆದು ಬಂದು ಕುರ್ಚಿಯ ತುದಿಗೆ ಕೂತರು. ಬುರುಲ್ ಗೋಡೆಗೆ ತಿರುಗಿದಳು, ಮೀರಿಮ್ ತಿರುಗಿದಳು, ಅವರನ್ನು ನೋಡಿ ಸಮತ್ ಕೂಡ ತಿರುಗಿದ. ಅವರ ಪಕ್ಕಕ್ಕೆ ಮೇಷ್ಟ್ರೂ ಬಂದು, ಕೈ ಹಿಂದೆ ಕಟ್ಟಿಕೊಂಡು, ಜಮಖಾನೆಗೆ ಮುಖ ಮಾಡಿ ನಿಂತರು.